ಐಸ್ ಹಾಕಿ: ಚರಿತ್ರೆ, ಹಳೆಯ ಸ್ಮರಣಿಕೆಗಳು, ಅಂದಿನ ಮತ್ತು ಇಂದಿನ ತಾರೆಯರು – ಪದೇ ಪದೇ ಕೇಳುವ ಪ್ರಶ್ನೆಗಳು

ಹಾಕಿ ಎಂದರೆ ನಮಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಐಸ್ ಹಾಕಿಯೂ ಅದೇ ಆಟವೇ?

ಬೇರೆ ಆಟ. ಕೋಲು ಹಿಡಿದು ಗೋಲು ಹೊಡೆಯುವುದು ಎರಡರಲ್ಲೂ ಇದೆ ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ತಂಡದ ಆರು ಮಂದಿ ಒಮ್ಮೆಗೆ ಕಣದಲ್ಲಿರುತ್ತಾರೆ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದರ ಅಡ್ಡಳತೆ ಮೂರು ಇಂಚು, ದಪ್ಪ ಒಂದು ಇಂಚು. ಮಂಜುಗಡ್ಡೆಯ ಮೇಲೆ ಪುಟಿಯದೆ ಜಾರಬೇಕು ಎಂದು ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ತಲಾ ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಆಟ. ಆಟಗಾರರು ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಆಡಿ ಬೆಂಚಿಗೆ ಮರಳುತ್ತಾರೆ, ಆ ಜಾಗಕ್ಕೆ ಬೇರೆಯವರು ಆಟ ನಡೆಯುತ್ತಿರುವಾಗಲೇ ನುಗ್ಗುತ್ತಾರೆ. ಮೊದಲ ಸಲ ನೋಡುವವರಿಗೆ ಗೊಂದಲ ಅನ್ನಿಸುವುದು ಸಹಜ. ಪಕ್ಕನ್ನು ಹುಡುಕುವುದು ಬಿಟ್ಟು ಆಟಗಾರರ ಓಟವನ್ನು ನೋಡಿದರೆ ಬೇಗ ಅರ್ಥವಾಗುತ್ತದೆ.

ಇದು ಹುಟ್ಟಿದ್ದು ಎಲ್ಲಿ?

ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕೋಲಿನಾಟ ಆಡುವ ರೂಢಿ ಹಲವು ಚಳಿ ದೇಶಗಳಲ್ಲಿತ್ತು. ಹಾಗಾಗಿ ಒಂದೇ ಊರಿಗೆ ಹುಟ್ಟಿನ ಗೌರವ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಈಗ ನಾವು ನೋಡುವ ಆಟಕ್ಕೆ ಒಂದು ಖಚಿತ ದಿನಾಂಕವಿದೆ. 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ, ಮಾಡಿನಡಿ, ತಲಾ ಒಂಬತ್ತು ಜನರ ಎರಡು ತಂಡಗಳು ಜನರ ಮುಂದೆ ಆಡಿದವು. ಇದನ್ನು ಏರ್ಪಡಿಸಿದವರು ನೋವಾ ಸ್ಕೋಷಾದ ಜೇಮ್ಸ್ ಕ್ರೈಟನ್. ಚೆಂಡು ಹಾರಿ ಪ್ರೇಕ್ಷಕರಿಗೆ ಪೆಟ್ಟಾಗಬಾರದೆಂದು ಚಪ್ಪಟೆಯಾದ ಮರದ ಬಿಲ್ಲೆಯನ್ನು ಅಂದು ಬಳಸಲಾಯಿತು.

ಈ ಕಥೆಯಲ್ಲಿ ಬಿಟ್ಟುಹೋಗುವವರು ನೋವಾ ಸ್ಕೋಷಾದ ಮೂಲನಿವಾಸಿಗಳಾದ ಮಿಗ್‌ಮಾ ಜನ. ಮರದ ಬೇರಿನ ಸಹಜ ಬಾಗನ್ನೇ ಬಳಸಿ, ಜೋಡಣೆಯಿಲ್ಲದೆ ಒಂದೇ ತುಂಡಿನಲ್ಲಿ ಕೋಲು ಕೆತ್ತುತ್ತಿದ್ದವರು ಅವರು. ಡಾರ್ಟ್‌ಮತ್ ಊರಿನ ಸ್ಟಾರ್ ಕಂಪನಿ ಅವರು ಕೆತ್ತಿದ ಕೋಲುಗಳನ್ನು 'ಮಿಕ್‌ಮ್ಯಾಕ್' ಎಂಬ ಹೆಸರಿನಲ್ಲಿ ಮಾರಿತು. ಕೆತ್ತಿದವರ ಹೆಸರು ಯಾವ ಕೋಲಿನ ಮೇಲೂ ಇಲ್ಲ. ಕೇಪ್ ಬ್ರೆಟನ್‌ನಲ್ಲಿ ಸಿಕ್ಕ, 1830ರ ದಶಕದ್ದೆಂದು ಗುರುತಿಸಿದ ಒಂದು ಕೋಲನ್ನು ಕೆನಡಾದ ರಾಷ್ಟ್ರೀಯ ಚರಿತ್ರೆ ಸಂಗ್ರಹಾಲಯ 2015ರಲ್ಲಿ 3 ಲಕ್ಷ ಕೆನಡಿಯನ್ ಡಾಲರ್ ಕೊಟ್ಟು ಕೊಂಡಿತು. ಮೊಫಾಟ್ ಕೋಲು ಎಂದು ಅದಕ್ಕೆ ಹೆಸರು. ಬಣ್ಣ ಹೋದ, ಗಿಡ್ಡನೆಯ ಆ ಕೋಲಿಗೆ ಅಷ್ಟು ಬೆಲೆ ಬಂದದ್ದು ಅದರ ಕಾಲವನ್ನು ಮರದ ಪರೀಕ್ಷೆಯಿಂದ, ಅದರ ಒಡೆತನವನ್ನು ಒಂದು ಕುಟುಂಬದ ನೆನಪಿನಿಂದ ತೋರಿಸಲು ಸಾಧ್ಯವಾದದ್ದರಿಂದ. ಮುಂದೆ ಸ್ಮರಣಿಕೆಗಳ ಬಗ್ಗೆ ಹೇಳುವಾಗ ಈ ಮಾತು ಮತ್ತೆ ಬರುತ್ತದೆ.

ಸ್ಟ್ಯಾನ್ಲಿ ಕಪ್‌ಗೆ ಯಾಕೆ ಅಷ್ಟೊಂದು ಮಹತ್ವ?

ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1889ರಲ್ಲಿ ಮಾಂಟ್ರಿಯಲ್‌ನ ಚಳಿಗಾಲದ ಉತ್ಸವದಲ್ಲಿ ಈ ಆಟವನ್ನು ಮೊದಲು ನೋಡಿದರು. ಅವರ ಮಕ್ಕಳು ಆಟದ ಹುಚ್ಚು ಹಿಡಿಸಿಕೊಂಡರು. 1892ರಲ್ಲಿ ಲಂಡನ್ನಿನ ಬೆಳ್ಳಿ ವ್ಯಾಪಾರಿಯಿಂದ ಹತ್ತು ಗಿನಿಗೆ ಒಂದು ಬಟ್ಟಲು ತರಿಸಿ, ದೇಶದ ಅತ್ಯುತ್ತಮ ತಂಡಕ್ಕೆಂದು ಕೊಟ್ಟರು. 1893ರಲ್ಲಿ ಮಾಂಟ್ರಿಯಲ್‌ನ ಹವ್ಯಾಸಿ ಕ್ರೀಡಾ ಸಂಘದ (ಎಎಎ) ತಂಡ ಅದನ್ನು ಮೊದಲು ಪಡೆಯಿತು. ಅದೇ ವರ್ಷ ಸ್ಟ್ಯಾನ್ಲಿ ಇಂಗ್ಲೆಂಡಿಗೆ ಮರಳಿದರು. ತಮ್ಮ ಕಪ್ಪಿಗಾಗಿ ನಡೆದ ಒಂದೇ ಒಂದು ಹೋರಾಟವನ್ನೂ ಅವರು ಕಣ್ಣಾರೆ ನೋಡಲಿಲ್ಲ.

ಆರಂಭದಲ್ಲಿ ಯಾವ ತಂಡ ಬೇಕಾದರೂ ಕಪ್ಪಿಗೆ ಸವಾಲು ಹಾಕಬಹುದಿತ್ತು. 1905ರಲ್ಲಿ ಚಿನ್ನದ ಗಣಿಗಳ ಯುಕಾನ್ ಪ್ರದೇಶದ ಡಾಸನ್ ಸಿಟಿ ತಂಡ ನಾಯಿ ಎಳೆಯುವ ಬಂಡಿ, ಕಾಲ್ನಡಿಗೆ, ಹಡಗು, ರೈಲು ಎಲ್ಲವನ್ನೂ ಬಳಸಿ ಸುಮಾರು 4,000 ಮೈಲಿ ದಾಟಿ ಒಟ್ಟಾವಾಕ್ಕೆ ಬಂದಿತು. ಮೊದಲ ಪಂದ್ಯದಲ್ಲಿ 9–2, ಎರಡನೆಯದರಲ್ಲಿ 23–2ರಿಂದ ಸೋತಿತು. ಆ ಎರಡನೆಯ ಪಂದ್ಯದಲ್ಲಿ ಒಟ್ಟಾವಾದ ಫ್ರಾಂಕ್ ಮೆಗೀ ಒಬ್ಬರೇ 14 ಗೋಲು ಹೊಡೆದರು. ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. 1916ರಲ್ಲಿ ಸೋಮ್ ಕದನದಲ್ಲಿ ಅವರು ಸತ್ತರು.

ಕಪ್ಪಿನ ಮೈಮೇಲೆ ಗೆದ್ದವರ ಹೆಸರುಗಳನ್ನು ಕೊರೆಯುತ್ತಾರೆ, ತಪ್ಪುಗಳನ್ನೂ ಸೇರಿಸಿ. 1972ರ ಗೆಲುವಿನ ಸಾಲಿನಲ್ಲಿ ಬಾಸ್ಟನ್ ಎಂಬ ಹೆಸರಿನ ಅಕ್ಷರಗಳೇ ಬದಲಾಗಿವೆ. 1981ರಲ್ಲಿ ಐಲ್ಯಾಂಡರ್ಸ್ ತಂಡದ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿದೆ. ಗೋಲ್‌ಕೀಪರ್ ಜಾಕ್ ಪ್ಲಾಂಟ್ ಹೆಸರು ಹಲವು ಬಗೆಯ ಕಾಗುಣಿತಗಳಲ್ಲಿದೆ. 1984ರಲ್ಲಿ ಎಡ್ಮಂಟನ್ ತಂಡದ ಮಾಲೀಕರು ತಮ್ಮ ತಂದೆಯ ಹೆಸರನ್ನೂ ಸೇರಿಸಿದ್ದರು. ಈಗ ಕಪ್ಪನ್ನು ಕೊಡುವ ನ್ಯಾಷನಲ್ ಹಾಕಿ ಲೀಗ್ ಒಪ್ಪದೆ, ಆ ಹೆಸರಿನ ಮೇಲೆ ಸಾಲಾಗಿ ಗುಣಾಕಾರದ ಚಿಹ್ನೆ ಕೊರೆಸಿತು. ಇವತ್ತಿಗೂ ಆ ಗುರುತು ಹಾಗೆಯೇ ಇದೆ. ಕಪ್ಪನ್ನು ಸುತ್ತಿದ ಲೋಹದ ಪಟ್ಟಿಯೊಂದು ಹೆಸರುಗಳಿಂದ ತುಂಬಿದಾಗ ಹಳೆಯ ಪಟ್ಟಿಯನ್ನು ಕಳಚಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಇಡುತ್ತಾರೆ. ಗೆದ್ದ ತಂಡದ ಪ್ರತಿ ಆಟಗಾರನಿಗೂ ಕಪ್ಪನ್ನು ಒಂದು ದಿನ ತನ್ನೂರಿಗೆ ಒಯ್ಯುವ ಅವಕಾಶವಿದೆ. ಸುಮಾರು ಹದಿನೈದೂವರೆ ಕಿಲೋ ತೂಗುವ ಆ ಬೆಳ್ಳಿಯನ್ನು ಆಟಗಾರರು ತಾಯಿಯ ಅಡುಗೆಮನೆಗೂ ಬಾಲ್ಯದ ರಿಂಕ್‌ಗೂ ಎತ್ತಿಕೊಂಡು ಹೋಗುತ್ತಾರೆ. ಇಷ್ಟು ಸಲಿಗೆಯಿಂದ ಜನರ ಕೈಗೆ ಸಿಗುವ ಇನ್ನೊಂದು ದೊಡ್ಡ ಟ್ರೋಫಿ ನನಗೆ ಗೊತ್ತಿಲ್ಲ.

ಕಪ್ ಯಾರಿಗೂ ಸಿಗದ ವರ್ಷಗಳಿವೆಯೇ?

ಎರಡು. 1919ರಲ್ಲಿ ಮಾಂಟ್ರಿಯಲ್ ಮತ್ತು ಸಿಯಾಟಲ್ ತಂಡಗಳ ಫೈನಲ್ ಸ್ಪ್ಯಾನಿಷ್ ಫ್ಲೂನಿಂದ ನಡುವೆಯೇ ನಿಂತಿತು. ಮಾಂಟ್ರಿಯಲ್‌ನ ಜೋ ಹಾಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. 2005ರಲ್ಲಿ ಮಾಲೀಕರು ಮತ್ತು ಆಟಗಾರರ ನಡುವಿನ ಸಂಬಳದ ಜಗಳದಿಂದ ಇಡೀ ಋತುವೇ ರದ್ದಾಯಿತು.

'ಒರಿಜಿನಲ್ ಸಿಕ್ಸ್' ತಂಡಗಳು ಯಾವುವು?

ಮಾಂಟ್ರಿಯಲ್ ಕೆನೆಡಿಯನ್ಸ್, ಟೊರಾಂಟೊ ಮೇಪಲ್ ಲೀಫ್ಸ್, ಬಾಸ್ಟನ್ ಬ್ರೂಯಿನ್ಸ್, ಡೆಟ್ರಾಯಿಟ್ ರೆಡ್ ವಿಂಗ್ಸ್, ಚಿಕಾಗೊ ಬ್ಲ್ಯಾಕ್ ಹಾಕ್ಸ್, ನ್ಯೂಯಾರ್ಕ್ ರೇಂಜರ್ಸ್. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 1917ರ ನವೆಂಬರ್ 26ರಂದು ಮಾಂಟ್ರಿಯಲ್‌ನ ವಿಂಡ್ಸರ್ ಹೋಟೆಲಿನಲ್ಲಿ ಹುಟ್ಟಿತು. ಆ ಮೊದಲ ಋತುವಿನಲ್ಲಿ ಇದ್ದವು ಈ ಆರರಲ್ಲಿ ಮಾಂಟ್ರಿಯಲ್, ಟೊರಾಂಟೊ ಎರಡೇ. ಮಿಕ್ಕವು 1920ರ ದಶಕದಲ್ಲಿ ಸೇರಿದವು. ಉಳಿದ ತಂಡಗಳು ಒಂದೊಂದಾಗಿ ಮುಚ್ಚಿ, 1942ರಿಂದ 1967ರವರೆಗೆ ಲೀಗ್‌ನಲ್ಲಿ ಈ ಆರೇ ಉಳಿದವು. 1967ರಲ್ಲಿ ತಂಡಗಳ ಸಂಖ್ಯೆ ಒಮ್ಮೆಲೇ ಹನ್ನೆರಡಾಯಿತು, ಈಗ ಮೂವತ್ತೆರಡಿದೆ. ಸಂಗ್ರಾಹಕರು ಆರು ತಂಡಗಳ ಕಾಲದ ವಸ್ತುಗಳಿಗೆ ಮುಗಿಬೀಳುವುದಕ್ಕೆ ಕಾರಣ ಸರಳ: ಅಂದು ಆಟಗಾರರು ನೂರಿಪ್ಪತ್ತರ ಆಸುಪಾಸು ಮಾತ್ರ ಇದ್ದರು, ವಸ್ತುಗಳನ್ನು ಜೋಪಾನ ಮಾಡುವ ರೂಢಿಯೂ ಇರಲಿಲ್ಲ. ಹರಿದ ಜರ್ಸಿಯನ್ನು ಹೊಲಿದು ಮತ್ತೆ ತೊಡಿಸುತ್ತಿದ್ದರು, ಕೊನೆಗೆ ಕೆಳಗಿನ ದರ್ಜೆಯ ತಂಡಗಳಿಗೆ ಕೊಡುತ್ತಿದ್ದರು.

ಹಿಂದಿನ ಗೋಲ್‌ಕೀಪರ್‌ಗಳು ನಿಜವಾಗಿಯೂ ಮುಖವಾಡವಿಲ್ಲದೆ ಆಡುತ್ತಿದ್ದರೇ?

ಹೌದು, ದಶಕಗಳ ಕಾಲ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಮೂಗು ಮುರಿದಾಗ ಕೆಲವು ಪಂದ್ಯ ಚರ್ಮದ ಮುಖವಾಡ ಹಾಕಿದ್ದರು, ಅದು ಅಲ್ಲಿಗೇ ನಿಂತಿತು. ಬದಲಾವಣೆ ಬಂದದ್ದು 1959ರ ನವೆಂಬರ್ 1ರ ರಾತ್ರಿ, ನ್ಯೂಯಾರ್ಕಿನಲ್ಲಿ. ಆಂಡಿ ಬಾತ್‌ಗೇಟ್ ಹೊಡೆದ ಪಕ್ ಮಾಂಟ್ರಿಯಲ್‌ನ ಜಾಕ್ ಪ್ಲಾಂಟ್ ಮುಖವನ್ನು ಸೀಳಿತು. ತಂಡಗಳು ಆಗ ಬದಲಿ ಗೋಲ್‌ಕೀಪರ್ ಇಟ್ಟುಕೊಳ್ಳುತ್ತಿರಲಿಲ್ಲ. ಹೊಲಿಗೆ ಹಾಕಿಸಿಕೊಂಡ ಪ್ಲಾಂಟ್, ಅಭ್ಯಾಸದಲ್ಲಿ ಬಳಸುತ್ತಿದ್ದ ಫೈಬರ್‌ಗ್ಲಾಸ್ ಮುಖವಾಡ ಹಾಕಲು ಬಿಟ್ಟರೆ ಮಾತ್ರ ಆಡುವೆನೆಂದು ಹಟ ಹಿಡಿದರು. ಕೋಚ್ ಟೋ ಬ್ಲೇಕ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ತಂಡ 3–1ರಿಂದ ಗೆದ್ದಿತು, ಆ ಋತುವಿನ ಕಪ್ಪನ್ನೂ ಗೆದ್ದಿತು. ಅದು ಮಾಂಟ್ರಿಯಲ್‌ಗೆ ಸತತ ಐದನೆಯ ಕಪ್.

ಮುಖ ಮುಚ್ಚಿಕೊಳ್ಳುವವನು ಹೇಡಿ ಎಂದು ಅಂದು ಮಾತಾಡಿದವರಿದ್ದರು. ಅಸ್ತಮಾ ಇದ್ದ, ಬಿಡುವಿನಲ್ಲಿ ತನ್ನ ಉಣ್ಣೆಯ ಟೋಪಿಯನ್ನು ತಾನೇ ಹೆಣೆಯುತ್ತಿದ್ದ ಆ ಮನುಷ್ಯ ಅಂಥ ಮಾತಿಗೆ ಜಗ್ಗಲಿಲ್ಲ. ಹಾಕಿ ಚರಿತ್ರೆಯ ಧೈರ್ಯದ ಕೆಲಸಗಳಲ್ಲಿ ನಾನು ಇದನ್ನು ಮೊದಲಿಗೆ ಇಡುತ್ತೇನೆ. ಆ ಕಾಲದ ಫೈಬರ್‌ಗ್ಲಾಸ್ ಮುಖವಾಡಗಳು ಈಗ ಸಂಗ್ರಾಹಕರ ಕನಸು. ಬಾಸ್ಟನ್‌ನ ಗೆರಿ ಚೀವರ್ಸ್ ಪಕ್ ತಗಲಿದ ಕಡೆಗಳಲ್ಲೆಲ್ಲ ಮುಖವಾಡದ ಮೇಲೆ ಹೊಲಿಗೆಯ ಗುರುತು ಬರೆಸುತ್ತಿದ್ದರು. ಮುಖವಾಡ ಇಲ್ಲದಿದ್ದರೆ ಮುಖ ಹೇಗಿರುತ್ತಿತ್ತು ಎಂಬ ಲೆಕ್ಕ ಅದು.

ಒಬ್ಬ ಆಟಗಾರನಿಗಾಗಿ ಮಾಂಟ್ರಿಯಲ್ ನಗರವೇ ಹೊತ್ತಿ ಉರಿಯಿತು ಎನ್ನುತ್ತಾರೆ. ಏನಾಯಿತು?

ಆತ ಮೋರಿಸ್ ರಿಷಾರ್, ಅಭಿಮಾನಿಗಳ ಬಾಯಲ್ಲಿ 'ರಾಕೆಟ್'. 1944–45ರ ಋತುವಿನಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದವರು. 500 ಗೋಲು ದಾಟಿದ ಮೊದಲಿಗರೂ ಅವರೇ. 1955ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ನಡೆದ ಹೊಡೆದಾಟದಲ್ಲಿ ಅವರು ಲೈನ್ಸ್‌ಮನ್‌ಗೂ ಗುದ್ದಿದರು. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಋತುವಿನ ಉಳಿದ ಪಂದ್ಯಗಳಿಗೂ ಪ್ಲೇಆಫ್‌ಗೂ ಅವರನ್ನು ಅಮಾನತು ಮಾಡಿದರು. ಮಾರ್ಚ್ 17ರಂದು ಕ್ಯಾಂಪ್‌ಬೆಲ್ ಮಾಂಟ್ರಿಯಲ್ ಫೋರಂಗೆ ಪಂದ್ಯ ನೋಡಲು ಬಂದಾಗ ಜನ ಮೊಟ್ಟೆ ತೂರಿದರು, ಅಶ್ರುವಾಯು ಸಿಡಿಯಿತು, ಪಂದ್ಯ ನಿಂತು ಗೆಲುವು ಎದುರಾಳಿ ಡೆಟ್ರಾಯಿಟ್‌ನ ಪಾಲಾಯಿತು. ಹೊರಗೆ ಸೇಂಟ್ ಕ್ಯಾಥರೀನ್ ರಸ್ತೆಯ ಅಂಗಡಿಗಳ ಗಾಜು ಪುಡಿಯಾಯಿತು. ಮರುದಿನ ರಿಷಾರ್ ರೇಡಿಯೋದಲ್ಲಿ ಜನರನ್ನು ಸಮಾಧಾನಪಡಿಸಬೇಕಾಯಿತು.

ಇದನ್ನು ಪುಂಡಾಟಿಕೆ ಎಂದು ತಳ್ಳಿಹಾಕುವುದು ತಪ್ಪು. ಕ್ಯಾಂಪ್‌ಬೆಲ್ ಇಂಗ್ಲಿಷ್ ಮಾತಾಡುವವರು, ರಿಷಾರ್ ಫ್ರೆಂಚ್ ಮಾತಾಡುವ ಕಾರ್ಮಿಕ ಕುಟುಂಬದವರು. ಸ್ವಂತ ನಾಡಿನಲ್ಲಿ ತಮ್ಮ ಭಾಷೆಗೆ ಬೆಲೆಯಿಲ್ಲ, ದೊಡ್ಡ ಕೆಲಸಗಳೆಲ್ಲ ಇಂಗ್ಲಿಷಿನವರ ಕೈಯಲ್ಲಿವೆ ಎಂದು ನೊಂದಿದ್ದ ಕ್ವಿಬೆಕ್‌ನ ಜನಕ್ಕೆ ಆ ಶಿಕ್ಷೆ ಒಬ್ಬ ಆಟಗಾರನಿಗಷ್ಟೇ ಕೊಟ್ಟದ್ದು ಅನ್ನಿಸಲಿಲ್ಲ. ಗೋಕಾಕ್ ಚಳವಳಿಯನ್ನು ಕಂಡ ಕನ್ನಡಿಗರಿಗೆ ಆ ನೋವಿನ ಮೂಲ ವಿವರಿಸಿ ಹೇಳಬೇಕಾಗಿಲ್ಲ. ರಿಷಾರ್ ತೊಟ್ಟ 9ನೇ ಸಂಖ್ಯೆಯ ಉಣ್ಣೆಯ ಜರ್ಸಿಗೆ ಕ್ವಿಬೆಕ್‌ನಲ್ಲಿ ಇಂದಿಗೂ ಇರುವ ಗೌರವ ಬೇರೆ ಯಾವ ಬಟ್ಟೆಗೂ ಇಲ್ಲ.

ಸಾರ್ವಕಾಲಿಕ ಶ್ರೇಷ್ಠ ಯಾರು: ಹೌ, ಓರ್, ಗ್ರೆಟ್ಸ್ಕಿ, ಲೆಮ್ಯೂ?

ಅಂಕಿಗಳನ್ನು ನೋಡಿದರೆ ವೇಯ್ನ್ ಗ್ರೆಟ್ಸ್ಕಿ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಎನ್‌ಎಚ್‌ಎಲ್‌ನಲ್ಲಿ 894 ಗೋಲು, 1,963 ಅಸಿಸ್ಟ್, ಒಟ್ಟು 2,857 ಅಂಕ. ಗೋಲಾಗಲು ನೆರವಾದ ಪಾಸ್‌ಗೆ ಸಿಗುವ ಅಂಕವೇ ಅಸಿಸ್ಟ್. ಗ್ರೆಟ್ಸ್ಕಿ ಒಂದೂ ಗೋಲು ಹೊಡೆಯದೆ ಇದ್ದಿದ್ದರೂ ಅಸಿಸ್ಟ್‌ಗಳಿಂದಲೇ ಅಂಕಪಟ್ಟಿಯ ಮೇಲ್ತುದಿಯಲ್ಲಿ ಇರುತ್ತಿದ್ದರು. ಎರಡನೆಯ ಸ್ಥಾನದ ಯಾರೊಮಿರ್ ಯಾಗರ್ ಅವರ ಒಟ್ಟು ಅಂಕ 1,921. 1988ರ ಆಗಸ್ಟ್ 9ರಂದು ಎಡ್ಮಂಟನ್ ತಂಡ ಗ್ರೆಟ್ಸ್ಕಿಯನ್ನು ಲಾಸ್ ಏಂಜಲೀಸ್‌ಗೆ ಮಾರಿದಾಗ, ಸರ್ಕಾರ ಇದನ್ನು ತಡೆಯಬೇಕೆಂದು ಕೆನಡಾದ ಸಂಸದರೊಬ್ಬರು ಒತ್ತಾಯಿಸಿದರು. 1999ರಲ್ಲಿ ಅವರು ನಿವೃತ್ತರಾದ ಮೇಲೆ 99 ಸಂಖ್ಯೆಯನ್ನು ಲೀಗ್‌ನ ಯಾವ ತಂಡದಲ್ಲೂ ಯಾರಿಗೂ ಕೊಡುವುದಿಲ್ಲ.

ಆದರೂ ನನ್ನ ಆಯ್ಕೆ ಬಾಬಿ ಓರ್. ಡಿಫೆನ್ಸ್ ಆಟಗಾರ ಹಿಂದೆ ನಿಂತು ಕಾಯಬೇಕು ಎಂಬ ನಂಬಿಕೆಯನ್ನು ಅವರು ಮುರಿದರು. ಇಡೀ ಲೀಗ್‌ನ ಅಂಕಪಟ್ಟಿಯಲ್ಲಿ ಮೊದಲಿಗರಾಗಿ ಋತು ಮುಗಿಸಿದ ಡಿಫೆನ್ಸ್ ಆಟಗಾರ ಅವರೊಬ್ಬರೇ, ಅದೂ ಎರಡು ಸಲ, 1970 ಮತ್ತು 1975ರಲ್ಲಿ. 1970ರ ಮೇ 10ರಂದು ಕಪ್ ಗೆಲ್ಲಿಸಿದ ಗೋಲು ಹೊಡೆದು, ಎದುರಾಳಿಯ ಕೋಲು ತಾಗಿ ಗಾಳಿಯಲ್ಲಿ ಅಡ್ಡಲಾಗಿ ಹಾರಿದ ಅವರ ಚಿತ್ರವನ್ನು ರೇ ಲೂಸಿಯರ್ ಸೆರೆಹಿಡಿದರು. ಮೊಣಕಾಲಿನ ಗಾಯಗಳು ಅವರನ್ನು ಮೂವತ್ತನೆಯ ವಯಸ್ಸಿಗೇ ಆಟದಿಂದ ಹೊರಗಟ್ಟಿದವು. ಒಟ್ಟು ಆಡಿದ್ದು 657 ಪಂದ್ಯ ಮಾತ್ರ.

ಗಾರ್ಡಿ ಹೌ ಅದಕ್ಕೆ ನೇರ ವಿರುದ್ಧ: 1946ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುಮಾಡಿ 1980ರಲ್ಲಿ, 52ನೇ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ಜೊತೆ ಒಂದೇ ತಂಡದಲ್ಲಿ ಆಡಿ ಮುಗಿಸಿದರು. ಮಾರಿಯೋ ಲೆಮ್ಯೂ 1993ರಲ್ಲಿ ಹಾಜ್‌ಕಿನ್ಸ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಮರಳಿ ಬಂದು ಅದೇ ಋತುವಿನ ಅಂಕಪಟ್ಟಿ ಗೆದ್ದವರು.

1972 ಮತ್ತು 1980ರ ಪಂದ್ಯಗಳ ಬಗ್ಗೆ ಹಿರಿಯರು ಯಾಕೆ ಇನ್ನೂ ಮಾತಾಡುತ್ತಾರೆ?

1972ರಲ್ಲಿ ಕೆನಡಾದ ವೃತ್ತಿಪರ ಆಟಗಾರರು ಸೋವಿಯತ್ ತಂಡದ ವಿರುದ್ಧ ಎಂಟು ಪಂದ್ಯ ಆಡಿದರು. ಸುಲಭವಾಗಿ ಗೆಲ್ಲುತ್ತೇವೆಂದು ಹೊರಟವರು ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲೇ 7–3ರಿಂದ ಸೋತರು. ಇಪ್ಪತ್ತರ ಹರೆಯದ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್ ಹೆಸರು ಅಂದು ಜಗತ್ತಿಗೆ ತಿಳಿಯಿತು. ಸೆಪ್ಟೆಂಬರ್ 28ರಂದು ಮಾಸ್ಕೋದ ಕೊನೆಯ ಪಂದ್ಯದಲ್ಲಿ ಮುಗಿಯಲು 34 ಸೆಕೆಂಡ್ ಇರುವಾಗ ಪಾಲ್ ಹೆಂಡರ್ಸನ್ ಗೋಲು ಹೊಡೆದು ಸರಣಿ ಗೆಲ್ಲಿಸಿದರು. ಶಾಲೆಗಳಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆ ಆ ಪಂದ್ಯ ತೋರಿಸಿದ್ದರು. ಹೆಂಡರ್ಸನ್ ಅಂದು ತೊಟ್ಟಿದ್ದ ಜರ್ಸಿ 2010ರಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಗಿ ಕೆನಡಾದಲ್ಲೇ ಉಳಿಯಿತು.

1980ರ ಫೆಬ್ರುವರಿ 22ರಂದು ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ತಂಡ ಅದೇ ಸೋವಿಯತ್ ಬಳಗವನ್ನು 4–3ರಿಂದ ಸೋಲಿಸಿತು. ಅದೇ ಫೈನಲ್ ಎಂದು ಹಲವರು ತಿಳಿದಿದ್ದಾರೆ. ಚಿನ್ನಕ್ಕಾಗಿ ಅವರು ಫಿನ್ಲೆಂಡನ್ನೂ ಸೋಲಿಸಬೇಕಾಗಿತ್ತು, ಸೋಲಿಸಿದರು.

ಹಳೆಯ ಹಾಕಿ ಕಾರ್ಡುಗಳು ಎಂದರೆ ಯಾವುವು?

ಮೊದಲ ಕಾರ್ಡುಗಳು ಬಂದದ್ದು ಸಿಗರೇಟು ಪೊಟ್ಟಣಗಳಲ್ಲಿ. 1910ರಿಂದ 1913ರ ನಡುವೆ ಕೆನಡಾದಲ್ಲಿ ಮೂರು ಸರಣಿಗಳು ಬಂದವು. ಸಂಗ್ರಾಹಕರು ಅವನ್ನು ಸಿ56, ಸಿ55, ಸಿ57 ಎಂದು ಕರೆಯುತ್ತಾರೆ. ಸಿ55ರಲ್ಲಿರುವ ಗೋಲ್‌ಕೀಪರ್ ಜಾರ್ಜ್ ವೆಜಿನಾ 1926ರಲ್ಲಿ ಕ್ಷಯದಿಂದ ತೀರಿಕೊಂಡರು. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಟ್ರೋಫಿಗೆ ಅವರದೇ ಹೆಸರು. ಬೆರಳಿನುದ್ದದ ಆ ಬಣ್ಣದ ಚಿತ್ರಗಳ ಅಂದಕ್ಕೆ ಮುಂದಿನ ಯಾವ ಕಾರ್ಡೂ ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ.

1923–24ರಲ್ಲಿ ವಿಲಿಯಂ ಪ್ಯಾಟರ್ಸನ್ ಕಂಪನಿ ನಲವತ್ತು ಕಾರ್ಡುಗಳನ್ನು ತಂದು, ಪೂರ್ತಿ ಕೂಡಿಸಿದವರಿಗೆ ಬಹುಮಾನ ಘೋಷಿಸಿತು. ಬರ್ಟ್ ಕಾರ್ಬೋ ಎಂಬ ಆಟಗಾರನ ಕಾರ್ಡನ್ನು ಮಾತ್ರ ಬೆರಳೆಣಿಕೆಯಷ್ಟೇ ಅಚ್ಚು ಮಾಡಿತು. ಎಷ್ಟು ಮಕ್ಕಳು ಆ ಒಂದು ಕಾರ್ಡಿಗಾಗಿ ಕಾದು ಸೋತಿರಬೇಕು! ಇಂದು ಅದೇ ಆ ಸರಣಿಯ ಅತಿ ದುಬಾರಿ ಕಾರ್ಡು.

ಒಂಟಾರಿಯೋದ ಲಂಡನ್ ಊರಿನ ಓ-ಪೀ-ಚೀ ಕಂಪನಿ 1933ರಿಂದ ಹಾಕಿ ಕಾರ್ಡು ಶುರುಮಾಡಿತು. ಯುದ್ಧದ ಕಾಲದಲ್ಲಿ ಕಾರ್ಡುಗಳೇ ನಿಂತುಹೋದವು. ಹಾಗಾಗಿ ಹೌ ಮತ್ತು ರಿಷಾರ್ ಹಲವು ವರ್ಷ ಆಡಿದ ಮೇಲೆ, 1951–52ರ ಪಾರ್ಕ್‌ಹರ್ಸ್ಟ್ ಸರಣಿಯಲ್ಲಿ, ಅವರ ಮೊದಲ ಕಾರ್ಡುಗಳು ಬಂದವು. ಓರ್ ಅವರದು 1966–67ರ ಟಾಪ್ಸ್ ಕಾರ್ಡು, ಟಿವಿ ಪೆಟ್ಟಿಗೆಯ ಮರದ ಚೌಕಟ್ಟಿನಂಥ ಅಂಚು ಇರುವಂಥದ್ದು.

'ಬೀ ಹೈವ್' ಫೋಟೋಗಳು ಎಂದರೇನು?

ಸೇಂಟ್ ಲಾರೆನ್ಸ್ ಸ್ಟಾರ್ಚ್ ಕಂಪನಿ ಬೀ ಹೈವ್ ಎಂಬ ಜೋಳದ ಸಿರಪ್ ಮಾರುತ್ತಿತ್ತು. ಡಬ್ಬಿಯ ಪಟ್ಟಿಯನ್ನು ಕತ್ತರಿಸಿ ಅಂಚೆಯಲ್ಲಿ ಕಳುಹಿಸಿ, ಬೇಕಾದ ಆಟಗಾರನ ಹೆಸರು ಬರೆದರೆ, ಅವನ ಫೋಟೋ ಮನೆಗೆ ಬರುತ್ತಿತ್ತು. 1934ರಿಂದ 1967ರವರೆಗೆ ಈ ಯೋಜನೆ ನಡೆಯಿತು. ಟಿವಿ ಇಲ್ಲದ, ರೇಡಿಯೋದಲ್ಲಿ ಮಾತ್ರ ಪಂದ್ಯ ಕೇಳುತ್ತಿದ್ದ ಹಳ್ಳಿಯ ಮಕ್ಕಳು ತಮ್ಮ ಮೆಚ್ಚಿನ ಆಟಗಾರನ ಮುಖವನ್ನು ಮೊದಲು ಕಂಡದ್ದು ಹೀಗೆ. ಸಾಮಾನ್ಯ ಆಟಗಾರರ ಫೋಟೋಗಳು ಇಂದಿಗೂ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಹೊಸಬರು ಎಲ್ಲಿಂದ ಶುರುಮಾಡಬೇಕು ಎಂದು ಯಾರು ಕೇಳಿದರೂ ನನ್ನ ಉತ್ತರ ಇದೇ.

ಗ್ರೆಟ್ಸ್ಕಿಯ ಒಂದು ಕಾರ್ಡು ಕೋಟಿಗಟ್ಟಲೆಗೆ ಮಾರಾಟವಾಗಿದ್ದು ಹೇಗೆ?

1979–80ರ ಓ-ಪೀ-ಚೀ ಸರಣಿಯ 18ನೇ ಕಾರ್ಡು ಅದು, ಅವರ ಮೊದಲ ಎನ್‌ಎಚ್‌ಎಲ್ ಕಾರ್ಡು. ನೀಲಿ ಅಂಚಿನ ಬಣ್ಣ ಸ್ವಲ್ಪ ತಾಗಿದರೂ ಎದ್ದುಹೋಗುತ್ತದೆ. ಕಂಪನಿ ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದುದರಿಂದ ಅಂಚು ತರಿತರಿಯಾಗಿರುತ್ತದೆ, ಚಿತ್ರ ಒಂದು ಬದಿಗೆ ಸರಿದಿರುತ್ತದೆ. ಮಕ್ಕಳು ಅವನ್ನು ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿ ತುರುಕುತ್ತಿದ್ದರು. ಇದೆಲ್ಲ ದಾಟಿ ದೋಷವಿಲ್ಲದೆ ಉಳಿದದ್ದು ಅತಿ ವಿರಳ. ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಸಂಸ್ಥೆಯಿಂದ ಹತ್ತಕ್ಕೆ ಹತ್ತು ಪಡೆದ ಒಂದು ಪ್ರತಿ 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರಿಗೆ ಮಾರಾಟವಾಯಿತು.

2024ರಲ್ಲಿ ಇನ್ನೊಂದು ಸುದ್ದಿ ಬಂತು. ಸಸ್ಕಾಚೆವಾನ್ ಪ್ರಾಂತ್ಯದ ಒಂದು ಮನೆಯಲ್ಲಿ ಅದೇ ವರ್ಷದ ಕಾರ್ಡುಗಳ ಒಡೆಯದ ದೊಡ್ಡ ಪೆಟ್ಟಿಗೆ ಸಿಕ್ಕಿತು. ಒಳಗೆ ಹದಿನಾರು ಡಬ್ಬಿಗಳು, ಹತ್ತು ಸಾವಿರಕ್ಕೂ ಹೆಚ್ಚು ಕಾರ್ಡುಗಳು. ಹರಾಜಿನಲ್ಲಿ ಅದಕ್ಕೆ ಬಂದದ್ದು 37.2 ಲಕ್ಷ ಡಾಲರ್. ಸರಾಸರಿ ಲೆಕ್ಕದಲ್ಲಿ ಒಳಗೆ ಗ್ರೆಟ್ಸ್ಕಿ ಕಾರ್ಡುಗಳು ಇಪ್ಪತ್ತೈದಕ್ಕೂ ಹೆಚ್ಚು ಇರಬೇಕು. ಒಡೆದು ನೋಡಿದರೆ ಪೆಟ್ಟಿಗೆಯ ಬೆಲೆ ಹೋಗುತ್ತದೆ, ಒಡೆಯದಿದ್ದರೆ ಒಳಗಿರುವುದು ಗೊತ್ತಾಗುವುದಿಲ್ಲ.

ನನ್ನ ಬಳಿಯಿರುವ ಗ್ರೆಟ್ಸ್ಕಿ ಕಾರ್ಡು ಅಸಲಿಯೇ ಎಂದು ತಿಳಿಯುವುದು ಹೇಗೆ?

ಮೊದಲು ಹಿಂಬದಿ ನೋಡಿ. ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಇದ್ದರೆ ಓ-ಪೀ-ಚೀ, ಇಂಗ್ಲಿಷ್ ಮಾತ್ರ ಇದ್ದರೆ ಅಮೆರಿಕದ ಟಾಪ್ಸ್. ಟಾಪ್ಸ್ ಕಾರ್ಡೂ ಅಸಲಿಯೇ, ಆದರೆ ಬೆಲೆ ಕಡಿಮೆ. ನಂತರ ಭೂತಗನ್ನಡಿಯಿಂದ ಅಚ್ಚನ್ನು ನೋಡಿ. ಅಸಲಿ ಕಾರ್ಡಿನಲ್ಲಿ ಚಿತ್ರ ಸಣ್ಣ ಬಣ್ಣದ ಚುಕ್ಕಿಗಳಿಂದ ಕೂಡಿದ್ದರೂ ಕಪ್ಪು ಅಕ್ಷರಗಳು ಗಟ್ಟಿಯಾಗಿ, ಒಡೆಯದೆ ಇರುತ್ತವೆ. ಕಾರ್ಡಿನ ಚಿತ್ರ ತೆಗೆದು ಮತ್ತೆ ಅಚ್ಚು ಮಾಡಿದ ನಕಲಿಯಲ್ಲಿ ಅಕ್ಷರಗಳೂ ಚುಕ್ಕಿಚುಕ್ಕಿಯಾಗಿ ಮಸುಕಾಗುತ್ತವೆ. ನಾಲ್ಕೂ ಅಂಚು ಬ್ಲೇಡಿನಿಂದ ಕೊಯ್ದಂತೆ ನುಣುಪಾಗಿದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಅಂಚು ಕತ್ತರಿಸುವ ಮೋಸ ಎಷ್ಟು ಮೇಲಿನವರೆಗೂ ಹೋಗಬಲ್ಲದು ಎಂಬುದಕ್ಕೆ ಗ್ರೆಟ್ಸ್ಕಿಯೇ ಸಾಕ್ಷಿ. 1991ರಲ್ಲಿ ಅವರು ತಮ್ಮ ತಂಡದ ಮಾಲೀಕರ ಜೊತೆ ಸೇರಿ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಪ್ರಸಿದ್ಧ ಕಾರ್ಡನ್ನು 4,51,000 ಡಾಲರಿಗೆ ಕೊಂಡರು. ಅದರ ಅಂಚನ್ನು ಹಿಂದೆಯೇ ಕತ್ತರಿಸಿದ್ದಾಗಿ ಹರಾಜು ವ್ಯಾಪಾರಿಯೊಬ್ಬ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ದುಬಾರಿ ಕಾರ್ಡನ್ನು ದರ್ಜೆ ನೀಡುವ ಸಂಸ್ಥೆಯ ಮೊಹರಿಲ್ಲದೆ ಕೊಳ್ಳಬಾರದು. ಮೊಹರು ಇದ್ದರೂ ಸಂಸ್ಥೆಯ ಜಾಲತಾಣದಲ್ಲಿ ಅದರ ಸಂಖ್ಯೆಯನ್ನು ಹಾಕಿ ನೋಡಬೇಕು.

ಪಂದ್ಯದಲ್ಲಿ ತೊಟ್ಟ ಜರ್ಸಿ ಎಂದು ಮಾರುತ್ತಾರೆ. ನಂಬಬಹುದೇ?

ಬಟ್ಟೆ ತಾನೇ ಮಾತಾಡುತ್ತದೆ. ಪಕ್ ತಾಗಿದ ಕಪ್ಪು ಕಲೆ, ಕೋಲು ತಿಕ್ಕಿ ಎದ್ದ ನೂಲು, ಕಣದ ಸುತ್ತಲಿನ ಬೋರ್ಡಿಗೆ ಬಿದ್ದಾಗ ಹತ್ತಿದ ಬಣ್ಣ, ಮೊಣಕೈಯಲ್ಲಿ ಹರಿದು ತೇಪೆ ಹಾಕಿದ ಜಾಗ, ಇವೆಲ್ಲ ಇರಬೇಕು. ಬೇರೆ ಕ್ರೀಡೆಗಳಲ್ಲಿ ಹರಿದ ಬಟ್ಟೆಗೆ ಬೆಲೆ ಕಡಿಮೆ, ಇಲ್ಲಿ ಹೆಚ್ಚು. ಅಂದಿನ ಪಂದ್ಯದ ಛಾಯಾಚಿತ್ರದಲ್ಲಿ ಅದೇ ತೇಪೆ, ಅದೇ ಕಲೆ ಅದೇ ಜಾಗದಲ್ಲಿ ಕಂಡರೆ ಅದಕ್ಕಿಂತ ಗಟ್ಟಿ ಪುರಾವೆಯಿಲ್ಲ. ಬೆನ್ನಿನ ಮೇಲೆ ಆಟಗಾರನ ಹೆಸರು ಕಡ್ಡಾಯವಾದದ್ದು 1977–78ರಲ್ಲಿ. 1950ರ ದಶಕದ್ದೆಂದು ತೋರಿಸುವ ಎನ್‌ಎಚ್‌ಎಲ್ ಜರ್ಸಿಯ ಬೆನ್ನಲ್ಲಿ ಹೆಸರಿದ್ದರೆ ಅಲ್ಲಿಗೇ ಕೈಬಿಡಬಹುದು. ಚರಿತ್ರೆ ಓದದೆ ವಸ್ತು ಕೊಳ್ಳಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಮಾರುವವನ ಪ್ರಮಾಣಪತ್ರಕ್ಕಿಂತ ಇಂಥ ಒಂದು ಇಸವಿ ಹೆಚ್ಚು ಕಾಪಾಡುತ್ತದೆ.

ಸಹಿಗಳು?

ಹೌ, ಓರ್, ರಿಷಾರ್ ಅಭಿಮಾನಿಗಳಿಗೆ ಧಾರಾಳವಾಗಿ ಸಹಿ ಮಾಡಿದವರು. ಅವರ ಅಸಲಿ ಸಹಿಗಳು ಸಾಕಷ್ಟಿವೆ. ಹಾಗಾಗಿ ಪುರಾವೆಯಿಲ್ಲದ ಸಹಿಯ ಹಿಂದೆ ಹೋಗುವ ಅಗತ್ಯವೇ ಇಲ್ಲ. ವೆಜಿನಾರಂಥ, ಬೇಗ ತೀರಿಕೊಂಡ ಹಳಬರ ಸಹಿ ಅಗ್ಗಕ್ಕೆ ಸಿಕ್ಕರೆ ಅದು ನಕಲಿ ಎಂದೇ ತಿಳಿಯಿರಿ.

1990ರ ಸುಮಾರಿನ ಕಾರ್ಡುಗಳು ಕಟ್ಟುಗಟ್ಟಲೆ ಇವೆ. ಬೆಲೆ ಬಂದೀತೇ?

ಬಹುಮಟ್ಟಿಗೆ ಇಲ್ಲ. ಆ ವರ್ಷಗಳಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಮಾಡಿದವು, ಜನರೂ ಜೋಪಾನವಾಗಿಟ್ಟರು. ಮಕ್ಕಳಿಗೆ ಕೊಡಿ, ಆಟಗಾರರ ಪರಿಚಯವಾಗಲಿ.

ನಮ್ಮ ಹವಾಮಾನದಲ್ಲಿ ಇವನ್ನು ಹೇಗೆ ಕಾಪಾಡುವುದು?

ಮಂಗಳೂರು, ಉಡುಪಿಯ ಮಳೆಗಾಲ ಕಾಗದಕ್ಕೆ ಶತ್ರು. ಕಾರ್ಡುಗಳನ್ನು ಪಿವಿಸಿ ಇಲ್ಲದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಪೊಟ್ಟಣಗಳನ್ನು ಆಗಾಗ ಬದಲಾಯಿಸಿ. ಉಣ್ಣೆಯ ಜರ್ಸಿಯನ್ನು ತೊಳೆಯಲೇಬೇಡಿ, ಕಲೆಗಳೇ ಅದರ ಪುರಾವೆ. ನುಸಿ ಗುಳಿಗೆ ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಸಹಿ ಇರುವ ಯಾವುದನ್ನೂ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ.

ಇಂದಿನ ಆಟಗಾರರಲ್ಲಿ ಯಾರನ್ನು ನೋಡಬೇಕು?

ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ವಿರುದ್ಧ ತಮ್ಮ 895ನೇ ಗೋಲು ಹೊಡೆದು ಗ್ರೆಟ್ಸ್ಕಿಯ ದಾಖಲೆ ದಾಟಿದರು. ಯಾರೂ ಮುರಿಯಲಾರರು ಎಂದು ಎಲ್ಲರೂ ನಂಬಿದ್ದ ದಾಖಲೆ ಅದು. ಗ್ರೆಟ್ಸ್ಕಿ ಅಂದು ಅಲ್ಲೇ ಇದ್ದು ಅಭಿನಂದಿಸಿದರು. ಸಿಡ್ನಿ ಕ್ರಾಸ್ಬಿ ಪಿಟ್ಸ್‌ಬರ್ಗ್‌ಗೆ ಮೂರು ಕಪ್ ತಂದವರು, 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಚಿನ್ನದ ಗೋಲು ಅವರದೇ. ವೇಗ ನೋಡಬೇಕೆಂದರೆ ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್. 2022–23ರಲ್ಲಿ 153 ಅಂಕ ಗಳಿಸಿದರು. 2024ರಲ್ಲಿ ತಂಡ ಫೈನಲ್ ಸೋತರೂ ಪ್ಲೇಆಫ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಅವರಿಗೇ ಬಂತು. ಓರ್ ತೆರೆದ ದಾರಿಯಲ್ಲಿ ಇಂದು ಯಾರಿದ್ದಾರೆ ಎಂದು ನೋಡಲು ಕೊಲರಾಡೊದ ಕೇಲ್ ಮಕಾರ್ ಆಟ ನೋಡಿ.

ಮಹಿಳೆಯರ ಐಸ್ ಹಾಕಿ ಹೊಸದೇ?

ಅಲ್ಲ. ಲಾರ್ಡ್ ಸ್ಟ್ಯಾನ್ಲಿಯ ಮಗಳು ಇಸಬೆಲ್ 1890ರ ಸುಮಾರಿಗೆ ಒಟ್ಟಾವಾದಲ್ಲಿ ಉದ್ದನೆಯ ಬಿಳಿ ಉಡುಪು ತೊಟ್ಟು ಆಡುತ್ತಿರುವ ಫೋಟೋ ಉಳಿದಿದೆ. ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ಗೆ ಮಾತ್ರ 1990ರವರೆಗೆ, ಒಲಿಂಪಿಕ್ಸ್‌ಗೆ 1998ರ ನಾಗಾನೋವರೆಗೆ ಕಾಯಬೇಕಾಯಿತು. 1992ರಲ್ಲಿ ಮನೋನ್ ರೆಯೋಮ್ ಟ್ಯಾಂಪಾ ಬೇ ಪರವಾಗಿ ಎನ್‌ಎಚ್‌ಎಲ್‌ನ ಅಭ್ಯಾಸ ಪಂದ್ಯದಲ್ಲಿ ಗೋಲು ಕಾದರು. ಮಾರಿ-ಫಿಲಿಪ್ ಪುಲೆ 2010, 2014, 2022ರ ಒಲಿಂಪಿಕ್ ಫೈನಲ್‌ಗಳ ಗೆಲುವಿನ ಗೋಲು ಹೊಡೆದವರು. 2024ರ ಜನವರಿ 1ರಂದು ಶುರುವಾದ ಮಹಿಳೆಯರ ವೃತ್ತಿಪರ ಲೀಗ್‌ನ ಮೊದಲ ಎರಡು ಕಪ್ ಮಿನೆಸೋಟಾದ ಪಾಲಾದವು. ಸಂಗ್ರಾಹಕರು ಈ ಲೀಗ್‌ನ ಮೊದಲ ವರ್ಷಗಳ ವಸ್ತುಗಳನ್ನು ಈಗಲೇ ಗಮನಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇದು ಬಿಳಿಯರ ಆಟ ಎನ್ನುತ್ತಾರಲ್ಲ?

1895ರಲ್ಲೇ ನೋವಾ ಸ್ಕೋಷಾದಲ್ಲಿ ಕಪ್ಪು ಜನರ ಲೀಗ್ ಒಂದಿತ್ತು. ಅವರನ್ನು ಹೊರಗಿಟ್ಟು ಬರೆದದ್ದರಿಂದ ಆ ಮಾತು ಹುಟ್ಟಿತು. ಎನ್‌ಎಚ್‌ಎಲ್‌ನ ಮೊದಲ ಕಪ್ಪು ಆಟಗಾರ ವಿಲ್ಲಿ ಓರಿ 1958ರ ಜನವರಿ 18ರಂದು ಬಾಸ್ಟನ್ ಪರ ಆಡಿದರು. ಅವರಿಗೆ ಬಲಗಣ್ಣು ಕಾಣುತ್ತಿರಲಿಲ್ಲ. ಗೊತ್ತಾದರೆ ಆಡಲು ಬಿಡುವುದಿಲ್ಲವೆಂದು ಅದನ್ನು ಬಚ್ಚಿಟ್ಟಿದ್ದರು. ಅವರ 22ನೇ ಸಂಖ್ಯೆಯನ್ನು ಬಾಸ್ಟನ್ ಗೌರವದಿಂದ ನಿವೃತ್ತಿಗೊಳಿಸಿದ್ದು 2022ರಲ್ಲಿ, ಅರವತ್ತನಾಲ್ಕು ವರ್ಷಗಳ ನಂತರ. ತುಂಬಾ ತಡವಾಯಿತು.

ಭಾರತೀಯ ಮೂಲದ ಮೊದಲ ಎನ್‌ಎಚ್‌ಎಲ್ ಆಟಗಾರ ಬ್ರಿಟಿಷ್ ಕೊಲಂಬಿಯಾದ ರಾಬಿನ್ ಬಾವಾ, 1989ರಲ್ಲಿ ವಾಷಿಂಗ್ಟನ್ ಪರ ಆಡಿದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 1998ರ ಆಯ್ಕೆಯಲ್ಲಿ ಮ್ಯಾನಿ ಮಲ್ಹೋತ್ರಾ ಏಳನೆಯವರಾಗಿ ಬಂದರು. 2008ರಿಂದ ಕೆನಡಾದಲ್ಲಿ ಪಂಜಾಬಿಯಲ್ಲಿ ವೀಕ್ಷಕ ವಿವರಣೆ ಪ್ರಸಾರವಾಗುತ್ತಿದೆ. ಹರ್ನಾರಾಯಣ್ ಸಿಂಗ್ ಅವರ ಧ್ವನಿ ಅಲ್ಲಿನ ಮನೆಮನೆಗೆ ಪರಿಚಿತ. ಮನೆಮಾತಿನಲ್ಲಿ ಕೇಳಿದಾಗ ಅಜ್ಜ ಅಜ್ಜಿಯರೂ ಟಿವಿ ಮುಂದೆ ಕುಳಿತರು. ಕನ್ನಡದಲ್ಲಿ ಅಂಥದ್ದೊಂದು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಭಾರತದಲ್ಲಿ ಎಲ್ಲಿ ನೋಡಬಹುದು?

ಲಡಾಖ್‌ನಲ್ಲಿ, ಜನವರಿ–ಫೆಬ್ರುವರಿಯಲ್ಲಿ. ಸೇನೆಯವರು ಬೆಳೆಸಿದ ಆಟ ಲೇಹ್‌ನ ಹೆಪ್ಪುಗಟ್ಟಿದ ಕೊಳಗಳಲ್ಲಿ ಊರಿನವರ ಆಟವಾಯಿತು. ಭಾರತ ಅಂತರರಾಷ್ಟ್ರೀಯ ಒಕ್ಕೂಟ ಸೇರಿದ್ದು 1989ರಲ್ಲಿ, ಪುರುಷರ ತಂಡ ಹೊರಗೆ ಮೊದಲು ಆಡಿದ್ದು 2009ರಲ್ಲಿ. ಮಹಿಳೆಯರ ತಂಡ 2016ರಲ್ಲಿ ಆಡಲು ತೊಡಗಿ, 2017ರಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4–3ರಿಂದ ಮೊದಲ ಗೆಲುವು ಕಂಡಿತು. 2025ರ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ವರ್ಷಕ್ಕೆ ಎರಡು ತಿಂಗಳು ಮಾತ್ರ ಸಿಗುವ ಕೊಳದ ಮಂಜುಗಡ್ಡೆಯಲ್ಲಿ ಕಲಿತ ಹುಡುಗಿಯರು ಅವರಲ್ಲಿ ಹೆಚ್ಚಿನವರು. ಆ ತಂಡ ಕಂಚು ಗೆದ್ದ ಟೂರ್ನಿಯಲ್ಲಿ ತೊಟ್ಟ ಜರ್ಸಿಗಳನ್ನು ನಮ್ಮ ದೇಶದ ಸಂಗ್ರಹಾಲಯವೊಂದು ಈಗಲೇ ಕೇಳಿ ಪಡೆದು, ಯಾರು ಯಾವುದನ್ನು ತೊಟ್ಟಿದ್ದರು ಎಂದು ಬರೆದಿಡಬೇಕು.

ಟೊರಾಂಟೊಗೆ ಹೋದರೆ ಏನು ತಪ್ಪದೆ ನೋಡಬೇಕು?

ಯಂಗ್ ಮತ್ತು ಫ್ರಂಟ್ ರಸ್ತೆಗಳು ಸೇರುವಲ್ಲಿರುವ ಹಾಕಿ ಹಾಲ್ ಆಫ್ ಫೇಮ್. 1885ರ ಹಳೆಯ ಬ್ಯಾಂಕ್ ಕಟ್ಟಡದ ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಟ್ರೋಫಿಗಳಿವೆ. ಸ್ಟ್ಯಾನ್ಲಿ ತರಿಸಿದ ಮೂಲ ಬಟ್ಟಲು ಪಕ್ಕದ ಖಜಾನೆ ಕೋಣೆಯಲ್ಲಿದೆ. ದೊಡ್ಡ ಕಪ್ ಊರೂರು ಸುತ್ತಲು ಹೋದಾಗ ಅಲ್ಲಿ ಅದರ ಪ್ರತಿರೂಪ ಇಟ್ಟಿರುತ್ತಾರೆ. ಮೊದಲೇ ವಿಚಾರಿಸಿ ಹೋದರೆ ನಿರಾಸೆಯಾಗುವುದಿಲ್ಲ. ಗೋಲ್‌ಕೀಪರ್‌ಗಳ ಮುಖವಾಡಗಳಿರುವ ಕಡೆಗೆ ಕನಿಷ್ಠ ಒಂದು ಗಂಟೆ ಮೀಸಲಿಡಿ.